ಆನೆಯ ತೂಕ ಹಾಕಿದಿರಿ, ಪೊರಕೆ ಹಿಡಿದೋರ ಲೆಕ್ಕ ಎಲ್ಲಿ?

ಪ್ರತಿ ವರ್ಷ ದಸರಾಕ್ಕೆ ಮುಂಚೆ ಮೈಸೂರಿನ ಧನ್ವಂತರಿ ರಸ್ತೆಯ ವೇ ಬ್ರಿಡ್ಜ್ ಮೇಲೆ ಆನೆಗಳನ್ನ ನಿಲ್ಲಿಸಿ ತೂಕ ಹಾಕ್ತಾರೆ. ಮಾರನೇ ದಿನ ಪತ್ರಿಕೆಯಲ್ಲಿ ಯಾವ ಆನೆ ಎಷ್ಟು ಕೆಜಿ, ಯಾವುದಕ್ಕೆ ಏನು ಮೇವು ಅಂತ ಫೋಟೋ ಸಮೇತ ಬರುತ್ತೆ. ಆನೆಗಳಿಗೂ ಮಾವುತರು, ಕಾವಾಡಿಗಳಿಗೂ ವಿಮೆ ಮಾಡಿಸ್ತಾರೆ. ಮಾಡಿಸ್ಲಿ. ಆನೆ ಮೇಲೆ ನನಗೇನೂ ಸಿಟ್ಟಿಲ್ಲ, ಪಾಪ ಅದು ಕಾಡು ಬಿಟ್ಟು ಬಂದು 750 ಕೆಜಿ ಅಂಬಾರಿ ಹೊರುತ್ತೆ. ಬೀದಿ ದೀಪಾಲಂಕಾರವನ್ನೂ ಅಳೀತಾರೆ, 100 ಕಿಲೋಮೀಟರಿಗೂ ಹೆಚ್ಚು ಅಂತ ಹೆಮ್ಮೆಯಿಂದ ಹೇಳ್ತಾರೆ. ಅರಮನೆಯ ಬಲ್ಬು ಹತ್ತಿರ ಹತ್ತಿರ ಒಂದು ಲಕ್ಷ, ಅದೂ ಎಲ್ಲರಿಗೂ ಬಾಯಿಪಾಠ.

ಹಾಗಾದ್ರೆ ಹೇಳಿ: ಅಂಬಾರಿ ಬನ್ನಿಮಂಟಪ ಸೇರಿದ ಮೇಲೆ ಸಯ್ಯಾಜಿರಾವ್ ರಸ್ತೆಗೆ ಪೊರಕೆ ಹಿಡಿದು ಇಳಿಯೋರು ಎಷ್ಟು ಜನ? ಅವರಲ್ಲಿ ಬೆಳಗಿನ ಪಾಳಿ ಮುಗಿಸಿ ಮತ್ತೆ ಬಂದೋರು ಎಷ್ಟು? ಆ ರಾತ್ರಿ ಅವರು ಉಚ್ಚೆಗೆ ಹೋಗೋದು ಎಲ್ಲಿ, ಉಣ್ಣೋದು ಎಲ್ಲಿ?

ನಮ್ಮ ಬೀದಿಯ ಅಕ್ಕ ಒಬ್ರು ಇದೇ ಕೆಲಸದಲ್ಲಿದ್ದಾರೆ. "ಏನಕ್ಕ, ಜಂಬೂಸವಾರಿ ನೋಡಿದ್ರಾ?" ಅಂತ ಸುಮ್ನೆ ಕೇಳಿದೆ. "ಆನೆ ಎಲ್ಲಿ ನೋಡ್ಲಪ್ಪ, ಲದ್ದಿ ನೋಡ್ದೆ" ಅಂದ್ರು. ನಕ್ಕೆ. ಆಮೇಲೆ ನಗು ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸರ್ಕಾರದ ಮಾನದಂಡ 700 ಜನರಿಗೆ ಒಬ್ಬ ಪೌರಕಾರ್ಮಿಕ. ಐ.ಪಿ.ಡಿ. ಸಾಲಪ್ಪ ವರದಿ ಮುಂದಿಟ್ಟುಕೊಂಡು ಇದು ಸಾಲದು, 500ಕ್ಕೆ ಒಬ್ಬರು ಬೇಕು ಅಂತ ಸಂಘಟನೆಗಳು ಕೇಳ್ತಾನೇ ಇವೆ. ಅದು ಹಾಗಿರ್ಲಿ, ಸರ್ಕಾರದ ಲೆಕ್ಕವನ್ನೇ ಹಿಡಿಯೋಣ. 700 ಯಾರು? ಊರಿನ ನಿವಾಸಿಗಳು. ಯಾವ ಜನಗಣತಿ? 2011ರದ್ದು. 2021ರದ್ದು ನಡೀಲೇ ಇಲ್ಲ. ಆವಾಗ ಮೈಸೂರು ನಗರದ ಜನ ಸುಮಾರು 9 ಲಕ್ಷ. 700ರಿಂದ ಭಾಗಿಸಿದ್ರೆ 1,280ರ ಆಸುಪಾಸು. ಈ ಲೆಕ್ಕದೊಳಗೆ ಅರಮನೆ ನೋಡೋಕೆ, ಬೆಟ್ಟ ಹತ್ತೋಕೆ, ಮೃಗಾಲಯಕ್ಕೆ ಮಕ್ಕಳನ್ನ ಕರ್ಕೊಂಡು ಬರೋ ಲಕ್ಷಗಟ್ಟಲೆ ಪ್ರವಾಸಿಗರಲ್ಲಿ ಒಬ್ಬನೂ ಇಲ್ಲ. ಅವನು ಕುಡಿದ ನೀರಿನ ಬಾಟಲಿ ಮಾತ್ರ ಇದೆ, ಅಕ್ಕನ ಚೀಲದಲ್ಲಿ.

ಲಾಡ್ಜಿನೋನ ಲೆಕ್ಕದಲ್ಲಿ ಪ್ರವಾಸಿ ಇದ್ದಾನೆ. ಟಿಕೆಟ್ ಕೌಂಟರಿನ ಲೆಕ್ಕದಲ್ಲಿ ಇದ್ದಾನೆ. ದಸರಾ ಬಂದ್ರೆ ವಿಶೇಷ ಬಸ್ಸು, ವಿಶೇಷ ರೈಲು ಬಿಡ್ತಾರೆ, ಪೊಲೀಸರನ್ನ ಬೇರೆ ಜಿಲ್ಲೆಗಳಿಂದ ಕರೆಸ್ತಾರೆ. ಅಂದ್ರೆ ಜನ ಜಾಸ್ತಿ ಬರ್ತಾರೆ ಅನ್ನೋದು ಆಡಳಿತಕ್ಕೆ ಚೆನ್ನಾಗಿ ಗೊತ್ತು. ಪೊರಕೆಯ ವಿಷಯ ಬಂದಾಗ ಮಾತ್ರ ಗೊತ್ತಿಲ್ಲದ ಹಾಗೆ ಇರೋರನ್ನೇ ಪಾಳಿ ಬದಲಿಸಿ ದುಡಿಸೋದು, ಇಲ್ಲಾಂದ್ರೆ ನಾಲ್ಕು ದಿನದ ಮಟ್ಟಿಗೆ ಯಾರನ್ನೋ ತರೋದು.

ನಾನೂ ಆಫೀಸಿನಲ್ಲಿ ಫೈಲು ನೋಡೋನೇ. ಟಿಪ್ಪಣಿ ಹಾಳೆಯಲ್ಲಿ ಬರದೇ ಇರೋದು ಸರ್ಕಾರದ ಕಣ್ಣಿಗೆ ಹುಟ್ಟೇ ಇಲ್ಲ. ಅಂದಾಜುಪಟ್ಟಿಯಲ್ಲಿ ಒಂದು ಸಾಲು ಇಲ್ಲದಿದ್ರೆ ದುಡ್ಡಿಲ್ಲ, ದುಡ್ಡಿಲ್ಲದಿದ್ರೆ ಹುದ್ದೆ ಇಲ್ಲ. ಆದರೆ ಕೆಲಸ ಇರುತ್ತೆ. ಆ ಕೆಲಸ ಯಾರ ತಲೆ ಮೇಲೆ ಬೀಳುತ್ತೆ ಅಂತ ಕೇಳೋ ಅಗತ್ಯವೇ ಯಾರಿಗೂ ಬಂದಿಲ್ಲ, ಯಾಕಂದ್ರೆ ಉತ್ತರ ಸಾವಿರ ವರ್ಷದಿಂದ ಸಿದ್ಧವಾಗಿದೆ.

"ಎಲ್ಲದರಲ್ಲೂ ಜಾತಿ ತರ್ತೀರಿ" ಅಂತ ಕಾಮೆಂಟ್ ಹಾಕೋಕೆ ಬೆರಳು ತುದೀಲಿ ನಿಂತಿರೋ ಸ್ನೇಹಿತರೇ, ಸ್ವಲ್ಪ ತಾಳಿ. ಜಾತಿಯನ್ನ ನಾನು ತರಲಿಲ್ಲ. ಈ ಊರಿನ ನಕ್ಷೆಯಲ್ಲೇ ಇದೆ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಆಯಿತು, ಅಗಲ ರಸ್ತೆ, ಹೊಸ ಬಡಾವಣೆ ಬಂದವು ಅಂತ ಹೆರಿಟೇಜ್ ವಾಕ್ ಮಾಡಿಸೋರು ಹೇಳ್ತಾರೆ. ನಿಜ, ಒಳ್ಳೇ ಕೆಲಸ. ಆದರೆ ಹಳೇ ಬಡಾವಣೆಗಳ ಮನೆಗಳ ಹಿಂದೆ ಸಣ್ಣ ಗಲ್ಲಿ ಇರುತ್ತಲ್ಲ, ಕನ್ಸರ್ವೆನ್ಸಿ ಅಂತೀವಲ್ಲ, ಅದು ಯಾಕಿತ್ತು? ಮಲ ಹೊರೋರು ಮುಂದಿನ ಬಾಗಿಲ ಕಡೆ ಕಾಣಿಸಬಾರದು, ಹಿಂದಿನಿಂದ ಬಂದು ಬಕೆಟ್ ಎತ್ತಿಕೊಂಡು ಹೋಗಬೇಕು ಅಂತ. ನಮ್ಮ ಅಜ್ಜಿ ತಾತಂದಿರು ನಡೆದ ದಾರಿ ಅದು. ಅರಮನೆಯ ಗುಮ್ಮಟ ಪಾರಂಪರಿಕ ಅನ್ನೋದಾದ್ರೆ ಆ ಗಲ್ಲಿಯೂ ಪಾರಂಪರಿಕವೇ. ಅಲ್ಲಿ ಯಾಕೆ ಒಂದು ಫಲಕ ಇಲ್ಲ? ಇದೇ ಊರಲ್ಲಿ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿ, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆದರು. ನಾನು ಕೇಳಿದ ಯಾವ ಗೈಡ್ ಬಾಯಲ್ಲೂ ಆ ಮಾತು ಬರಲಿಲ್ಲ. ಚಿನ್ನದ ಸಿಂಹಾಸನದ ಕತೆ ಮಾತ್ರ ನಿಲ್ಲೋದೇ ಇಲ್ಲ.

2015ರಲ್ಲಿ 476 ನಗರಗಳಲ್ಲಿ ಮೈಸೂರು ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು. 2016ರಲ್ಲಿ 73 ನಗರಗಳಲ್ಲಿ ಮತ್ತೆ ಮೊದಲು. ಆ ಬಿರುದನ್ನ ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಮಾರಿಕೊಂಡು ತಿಂದೋರು ಎಷ್ಟೋ ಜನ. ಅದನ್ನ ಗೆದ್ದುಕೊಟ್ಟೋರು ಕಾಯಂ ಮಾಡಿ ಅಂತ 2022ರ ಜುಲೈಯಲ್ಲಿ ರಾಜ್ಯಪೂರ್ತಿ ಕೆಲಸ ನಿಲ್ಲಿಸಿ ಬೀದಿಗೆ ಬರಬೇಕಾಯಿತು. ಆಮೇಲೆ ಅಲ್ವಾ 11,133 ಜನರನ್ನ ಕಾಯಂ ಮಾಡೋಕೆ ಸಂಪುಟ ಒಪ್ಪಿದ್ದು? ಆಟೋ ಟಿಪ್ಪರ್ ಓಡಿಸೋರು, ಲೋಡರ್‌ಗಳು, ಒಳಚರಂಡಿ ಕೆಲಸದೋರು ಆ ಸಂಖ್ಯೆಯ ಹೊರಗೇ ಉಳಿದರು. ಒಳಚರಂಡಿಯಲ್ಲಿ ಸತ್ತರೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಸತ್ತ ಮೇಲಿನ ಮಾತು ಅದು. ಲಾಡ್ಜುಗಳು ತುಂಬಿ ಮ್ಯಾನ್‌ಹೋಲ್ ಉಕ್ಕೋ ಸೀಸನ್ನಿನಲ್ಲಿ ಬದುಕಿರೋನಿಗೆ ಯಂತ್ರ ಇದೆಯಾ ಅನ್ನೋದು ನನ್ನ ಪ್ರಶ್ನೆ.

ಪ್ರವಾಸಿಗರು ಬಂದ್ರೆ ಟಾಂಗಾದೋರಿಗೆ, ಹೂವಿನೋರಿಗೆ, ಚುರುಮುರಿ ಗಾಡಿಯೋರಿಗೆ ನಾಲ್ಕು ಕಾಸು ಆಗುತ್ತೆ, ಒಪ್ತೀನಿ. ಪ್ರವಾಸಿಗರು ಬರಬಾರದು ಅಂತ ನಾನು ಹೇಳ್ತಿಲ್ಲ. ಆದರೆ ಸಾವಿರಾರು ರೂಪಾಯಿಯ ಗೋಲ್ಡ್ ಕಾರ್ಡ್ ಮಾರೋರಿಗೆ ಅದರಲ್ಲಿ ಒಂದು ಪಾಲು ಗುಡಿಸೋರಿಗೆ ಅಂತ ಎತ್ತಿಡೋಕೆ ಏನು ಕಷ್ಟ? 2016ರ ಘನತ್ಯಾಜ್ಯ ನಿಯಮದಲ್ಲಿ 100 ಜನಕ್ಕಿಂತ ಹೆಚ್ಚು ಸೇರೋ ಕಾರ್ಯಕ್ರಮ ಮಾಡೋರು ಸ್ಥಳೀಯ ಸಂಸ್ಥೆಗೆ ಮೊದಲೇ ತಿಳಿಸಬೇಕು, ಕಸವನ್ನ ಮೂಲದಲ್ಲೇ ಬೇರೆ ಮಾಡಬೇಕು ಅಂತ ಬರೆದಿದ್ರು. ಲಕ್ಷ ಜನ ಸೇರಿಸೋ ಸರ್ಕಾರ ತನಗೆ ತಾನೇ ಆ ನೋಟಿಸ್ ಕೊಟ್ಟುಕೊಳ್ಳುತ್ತಾ? ಹಸಿ ಒಣ ಎಲ್ಲ ಒಂದೇ ಚೀಲಕ್ಕೆ ಬಿದ್ದು ಕಡೆಗೆ ಹೋಗಿ ಸೇರೋದು ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಂಥ ಕಡೆ. ಆ ಕಸದ ಗುಡ್ಡ ಪ್ರವಾಸಿ ನಕ್ಷೆಯಲ್ಲಿ ಇಲ್ಲ. ಸುತ್ತಮುತ್ತ ಇರೋರ ಮೂಗಿಗೆ ಗೊತ್ತು.

ಹುದ್ದೆಗಳ ಲೆಕ್ಕ ಹಾಕುವಾಗ 700ರ ಒಳಗೆ ಪ್ರವಾಸಿಗರನ್ನೂ ಸೇರಿಸಲಿ. ದಸರಾ ಮುಗಿದ ಮೇಲೆ ಉಸ್ತುವಾರಿ ಸಚಿವರು ಖರ್ಚಿನ ಲೆಕ್ಕ ಕೊಡ್ತಾರೆ, ಕಲಾವಿದರಿಗೆ ಇಷ್ಟು, ದೀಪಕ್ಕೆ ಇಷ್ಟು ಅಂತ. ಈ ಸಲ ಆ ಪಟ್ಟಿಯನ್ನ ಪೂರ್ತಿ ಓದಿ. ಪೌರಕಾರ್ಮಿಕರ ಹೆಚ್ಚುವರಿ ಕೂಲಿ, ಊಟ, ಶೌಚಾಲಯ, ಬಟ್ಟೆ ಬದಲಿಸೋ ಕೋಣೆ ಅನ್ನೋ ಸಾಲು ಇದೆಯಾ ಹುಡುಕಿ. ಸಿಗದಿದ್ರೆ ಆರ್‌ಟಿಐ ಅರ್ಜಿ ಬರೆಯೋಣ, 10 ರೂಪಾಯಿ ಶುಲ್ಕ. ಅರ್ಜಿಯ ಕರಡು ನಾನು ಬರೆದುಕೊಡ್ತೀನಿ, ಇನ್‌ಬಾಕ್ಸಿಗೆ ಬನ್ನಿ.

ಜೈಭೀಮ್