ನಗರದ ನೀರು, ನಾಗರಿಕರ ನಡತೆ

ವಿಜಯಪುರ ನಗರವನ್ನು ಕುರಿತು ಬರೆದವರಲ್ಲಿ ಬಹುಮಂದಿ ಗೋಲಗುಮ್ಮಟದ ನೆರಳನ್ನು ದಾಟಿ ಮುಂದೆ ಸಾಗಿಲ್ಲ. 1656ರಲ್ಲಿ ಗತಿಸಿದ ಮುಹಮ್ಮದ್ ಆದಿಲಶಾಹನ ಆ ಸಮಾಧಿಯು ಲೋಕವಿಖ್ಯಾತವೆಂಬುದು ನಿರ್ವಿವಾದ. ಆದರೆ ಯಾವ ನಗರಕ್ಕಾದರೂ ಅಲ್ಲಿ ಬಾಳುವ ಜನರ ನಿತ್ಯದ ನಡೆನುಡಿಗಳೇ ಜೀವಾಳ.

ಬೆಳಗಾಗುತ್ತಲೇ ತೊರವಿ, ಇಟ್ಟಂಗಿಹಾಳ, ತಿಕೋಟಾಗಳ ಕಡೆಯಿಂದ ಹಾಲು, ಕಾಯಿಪಲ್ಯೆ, ದ್ರಾಕ್ಷಿಗಳು ನಗರದ ಪೇಟೆಗೆ ಬರುತ್ತವೆ. ರೈತನು ಕನ್ನಡದಲ್ಲಿ ಬೆಲೆ ಹೇಳುತ್ತಾನೆ; ವ್ಯಾಪಾರಿಯು ದಖನಿಯಲ್ಲಿ ಚೌಕಾಸಿ ಮಾಡುತ್ತಾನೆ; ಸೊಲ್ಲಾಪುರದ ಕಡೆಯ ಗಿರಾಕಿಯು ಮರಾಠಿಯಲ್ಲಿ ನಡುವೆ ಮಾತು ಸೇರಿಸುತ್ತಾನೆ. ಭಾಷೆ ಮೂರಾದರೂ ವ್ಯವಹಾರ ಕೆಡುವುದಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ನೆರೆದಾಗಲಂತೂ ಹಳ್ಳಿ ಯಾವುದು, ಪಟ್ಟಣ ಯಾವುದು ಎಂಬ ಭೇದವೇ ಅಳಿದುಹೋಗುತ್ತದೆ.

ಹಳ್ಳಿಯ ಕಡೆಯಿಂದ ಪಟ್ಟಣಕ್ಕೆ ಬಂದುದು ಕಾಳುಕಡಿಯಷ್ಟೇ ಅಲ್ಲ, ನೀರೂ ಹೌದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಆದಿಲಶಾಹಿ ಅರಸರು ತೊರವಿಯಿಂದ ನೆಲದೊಳಗೆ ಸುರಂಗ ಕೊರೆಯಿಸಿ ನಗರಕ್ಕೆ ನೀರು ತಂದರು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರನ್ನಿತ್ತ ಊರೇ ನಗರದ ದಾಹವನ್ನೂ ತಣಿಸಿತು. 1579ರಲ್ಲಿ ಚಾಂದ ಬಾವಡಿಯೂ 1620ರಲ್ಲಿ ತಾಜ ಬಾವಡಿಯೂ ನಿರ್ಮಾಣಗೊಂಡವು. ತಾಜ ಬಾವಡಿಯ ಇಕ್ಕೆಲಗಳಲ್ಲಿ ದಾರಿಹೋಕರಿಗೆ ತಂಗುದಾಣಗಳಿದ್ದವು. ಬಂದವರಿಗೆ ಮೊದಲು ನೀರು ಕೊಡುವುದು ಈ ನಾಡಿನ ಮನೆಮನೆಯ ವಾಡಿಕೆ; ಅದನ್ನೇ ನಗರವು ಕಲ್ಲಿನಲ್ಲಿ ಕಟ್ಟಿಸಿಟ್ಟಿತ್ತು.

ಕೊಲ್ಹಾರದ ಬಳಿಯ ಕೃಷ್ಣೆಯ ನೀರು ನಳದಲ್ಲಿ ಮನೆ ಬಾಗಿಲಿಗೆ ಬಂದ ಮೇಲೆ ಬಾವಡಿಗಳ ನೆನಪು ಮಸುಕಾಯಿತು. ಹಿರಿಯರು ಕೊಡ ತುಂಬಿಕೊಂಡ ಮೆಟ್ಟಿಲಿನ ಮೇಲೆ ಮಕ್ಕಳು ಕಸ ಸುರಿದರು. 2015ರ ನಂತರದ ವರ್ಷಗಳಲ್ಲಿ ತಾಜ ಬಾವಡಿಯ ಹೂಳು ತೆಗೆಯುವ ಕಾರ್ಯ ನಡೆದುದು ಸಂತೋಷದ ಸಂಗತಿ. ಆದರೆ ಹೂಳನ್ನು ಸರಕಾರ ತೆಗೆಯಬಹುದು. ಮತ್ತೆ ಹೂಳು ತುಂಬದಂತೆ ಕಾಯುವವರು ಯಾರು? ನಳ ಬಂದ ಮೇಲೆ ಬಾವಡಿಯೇಕೆ ಎಂದು ಕೆಲವರು ಕೇಳುವರು. ಬರಗಾಲವನ್ನು ಕಂಡ ಸೀಮೆಯವರು ಆಡತಕ್ಕ ಮಾತಲ್ಲ ಅದು. ಕೂಡಿಟ್ಟ ಕಾಳಿನ ಹಗೇವನ್ನು ಸುಗ್ಗಿಯಲ್ಲಿ ಒಡೆಯುವ ಒಕ್ಕಲಿಗನನ್ನು ಯಾರೂ ಜಾಣನೆನ್ನರು.

ಪ್ರವಾಸಿಗನು ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ತನ್ನ ದನಿಯ ಮಾರ್ದನಿಯನ್ನು ಕೇಳಿ ಹಿಗ್ಗುತ್ತಾನೆ. ಆದರೆ ನಗರವಾಸಿಯ ಯೋಗ್ಯತೆಗೆ ಮಾರ್ದನಿ ಕೊಡುವುದು ಬಾವಡಿಯ ನೀರು. ಅಲ್ಲಿ ತಿಳಿನೀರು ಕಂಡರೆ ಊರು ತಿಳಿಯಾಗಿದೆಯೆಂದೇ ಅರ್ಥ. ವಿದ್ಯೆಗಾಗಿ ನಾಳೆ ಪಟ್ಟಣ ಸೇರಲಿರುವ ಹಳ್ಳಿಯ ಮಕ್ಕಳು ಗುಮ್ಮಟವನ್ನು ಕಣ್ತುಂಬ ನೋಡಲಿ. ಅದರೊಡನೆ ಬಾವಡಿಯ ಮೆಟ್ಟಿಲನ್ನೂ ಇಳಿದು ನೋಡಲಿ. ತಮ್ಮ ಸೀಮೆಯ ನೀರು ಕುಡಿದು ಬೆಳೆದ ನಗರದಲ್ಲಿ ತಾವು ನೆಂಟರಲ್ಲ, ಮನೆಯವರೆಂದು ತಿಳಿದು ಬಾಳಲಿ.