ಚಪ್ಪಲಿ ಸ್ಟ್ಯಾಂಡಿನ ಟೋಕನ್ನೂ ಐದು ಪುಟದ ಫಾರ್ಮೂ

ಫಾರ್ಮ್ ತುಂಬದೇ ಐರ್ಲೆಂಡಿಗೆ ಬಂದವರು ನಮ್ಮಲ್ಲಿ ಯಾರೂ ಇಲ್ಲ. ವಿಶ್ವವಿದ್ಯಾಲಯದ ಅರ್ಜಿ, ಅವಾಟ್ಸ್‌ನಲ್ಲಿ ವೀಸಾ ಅರ್ಜಿ, ಇಳಿದ ಮೇಲೆ ಐಆರ್‌ಪಿ, ಪಿಪಿಎಸ್ ನಂಬರು, ಬ್ಯಾಂಕು, ಬಾಡಿಗೆ ಮನೆ. ಎಲ್ಲಿ ಹೋದರೂ ಒಂದು ಫಾರ್ಮು, ಬಹಳಷ್ಟು ಸಲ 'ನೆಕ್ಸ್ಟ್' ಒತ್ತಿ ಒತ್ತಿ ಮುಂದೆ ಹೋಗೋ ಥರದ್ದು. ನಮ್ಮಲ್ಲಿ ಸಾಕಷ್ಟು ಜನ ಕಂಪ್ಯೂಟರ್ ಓದ್ತಿರೋರು. ನಾಳೆ ಇಂಥ ಫಾರ್ಮ್ ಕಟ್ಟೋರೂ ನಾವೇ. ಅದಕ್ಕೇ ಈ ಮಾತು: ಜನ ಒಂದು ಸಲ ಕೊಟ್ಟ ಮಾಹಿತಿಯನ್ನು ಜೋಪಾನ ಮಾಡೋದು ಫಾರ್ಮ್ ಬರೆಯೋರ ಮೊದಲ ಜವಾಬ್ದಾರಿ. ಅಂದಚಂದ ಆಮೇಲೆ.

ಪಿಎಚ್‌ಪಿಯನ್ನೇ ತಗೊಳ್ಳೋಣ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರಗೆ ಬಿಟ್ಟ ಈ ಭಾಷೆಗೆ ಮೊದಮೊದಲು 'ಫಾರ್ಮ್ಸ್ ಇಂಟರ್‌ಪ್ರಿಟರ್' ಅನ್ನೋ ಹೆಸರೂ ಸೇರಿಕೊಂಡಿತ್ತು. ಫಾರ್ಮಿಗಾಗಿಯೇ ಬೆಳೆದ ಭಾಷೆ. ಆದರೆ ಅದು ಓಡೋದು ಎಚ್‌ಟಿಟಿಪಿ ಮೇಲೆ, ಅದಕ್ಕೆ ನೆನಪಿನ ಶಕ್ತಿಯೇ ಇಲ್ಲ. ಎರಡನೇ ಪುಟ ಕಳಿಸಿದಾಗ, ಒಂದನೇ ಪುಟ ತುಂಬಿದವರೂ ಇವರೇ ಅಂತ ಸರ್ವರ್‌ಗೆ ತಾನಾಗಿ ಗೊತ್ತಾಗೋದಿಲ್ಲ.

ಇದಕ್ಕೆ ಎರಡು ಹಳೇ ದಾರಿ ಇವೆ. ಒಂದು, ಹಿಂದಿನ ಪುಟದ ಉತ್ತರಗಳನ್ನೆಲ್ಲ ಮುಂದಿನ ಪುಟದಲ್ಲಿ ಹಿಡನ್ ಫೀಲ್ಡ್ ಆಗಿ ಹೊರಿಸೋದು. ದೇವಸ್ಥಾನದ ಒಳಗೆ ಚಪ್ಪಲಿ ಕೈಲಿ ಹಿಡ್ಕೊಂಡೇ ಸುತ್ತಿದ ಹಾಗೆ. ಹಿಡನ್ ಅಂದರೂ ಅದು ಬ್ರೌಸರಿನಲ್ಲೇ ಇರುತ್ತೆ, ಯಾರು ಬೇಕಾದರೂ ತಿದ್ದಬಹುದು. ಇನ್ನೊಂದು ಸೆಷನ್: ಚಪ್ಪಲಿ ಸ್ಟ್ಯಾಂಡು. ಸಾಮಾನು ಸರ್ವರ್‌ನಲ್ಲಿ, ಟೋಕನ್ನು ಮಾತ್ರ ಕುಕಿಯಾಗಿ ನಮ್ಮ ಕೈಲಿ. ಈ ಎರಡರಲ್ಲಿ ಸೆಷನ್ನೇ ವಾಸಿ.

ಆದರೆ ಸ್ಟ್ಯಾಂಡಿಗೂ ಬಾಗಿಲು ಹಾಕೋ ಹೊತ್ತು ಅಂತ ಇದೆ. ಪಿಎಚ್‌ಪಿಯಲ್ಲಿ ಅದು ಮೂಲತಃ 1440 ಸೆಕೆಂಡು, ಅಂದರೆ 24 ನಿಮಿಷ. ಅಷ್ಟು ಹೊತ್ತು ಅಲುಗಾಡದೆ ಬಿದ್ದಿರೋ ಸೆಷನ್ ಅನ್ನು ಕಸ ಅಂತ ಗುಡಿಸಬಹುದು. ಈಗ ನಮ್ಮ ಬದುಕನ್ನು ನೋಡಿ. ನಾಲ್ಕನೇ ಪುಟದಲ್ಲಿ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ. ಚಳಿಗಾಲದಲ್ಲಿ ಊರಿನ ಗಡಿಯಾರ ಇಲ್ಲಿಗಿಂತ ಐದೂವರೆ ಗಂಟೆ ಮುಂದೆ. ಅಪ್ಪನನ್ನು ಎಬ್ಬಿಸಿ, ಫೋಟೊ ತೆಗೆಸಿ, ವಾಟ್ಸಾಪ್‌ನಲ್ಲಿ ತರಿಸ್ಕೊಳ್ಳೋಷ್ಟರಲ್ಲಿ 24 ನಿಮಿಷ ಎಲ್ಲಿ ಸಾಲುತ್ತೆ? ಮೊದಲ ಮೂರು ಪುಟ ತುಂಬಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಫೋಟೊ ಬಂದ ಮೇಲೂ ಕಷ್ಟ ಇದೆ. ಪಿಎಚ್‌ಪಿ ಮೂಲ ಸೆಟ್ಟಿಂಗಿನಲ್ಲಿ ಒಂದು ಫೈಲಿಗೆ 2 ಎಂಬಿ, ಇಡೀ ಪೋಸ್ಟಿಗೆ 8 ಎಂಬಿ ಮಿತಿ. ಎಂಟು ದಾಟಿದರೆ ಫೈಲ್ ಮಾತ್ರ ಅಲ್ಲ, ಜೊತೆಗೆ ಕಳಿಸಿದ ಎಲ್ಲ ಉತ್ತರಗಳೂ ಪ್ರೋಗ್ರಾಮಿಗೆ ಖಾಲಿಯಾಗಿ ಕಾಣುತ್ತವೆ. ಬರೆದವರು ಇದನ್ನು ಪರೀಕ್ಷೆ ಮಾಡಿರದಿದ್ದರೆ, 'ದಯವಿಟ್ಟು ಹೆಸರು ತುಂಬಿ' ಅನ್ನೋ ಸಂದೇಶ ಬರುತ್ತೆ. ಹೆಸರು ತುಂಬಿದವರಿಗೆ ತಲೆ ಕೆಡದೆ ಇನ್ನೇನಾಗುತ್ತೆ?

ಹೆಸರಿನ ಕತೆಯೂ ಅಷ್ಟೇ. ನಮ್ಮ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಕೆಲವರಿಗೆ ಅಲ್ಲಿ ಅಪ್ಪನ ಹೆಸರು, ಕೆಲವರಿಗೆ ಊರಿನ ಹೆಸರು. ಫಾರ್ಮಿಗೆ ಮಾತ್ರ ಸರ್‌ನೇಮ್ ಕಡ್ಡಾಯ. ಈ ನೋವು ಐರಿಷ್ ಜನರಿಗೂ ಹೊಸದಲ್ಲ. ಓ'ಬ್ರಿಯನ್‌ನಲ್ಲಿರೋ ಆ ಒಂಟಿ ಉದ್ಧರಣ ಚಿಹ್ನೆ, ಸರಿಯಾಗಿ ಬರೆಯದ ಎಸ್‌ಕ್ಯೂಎಲ್ ಸಾಲನ್ನು ಮುರಿಯುತ್ತೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಆ ಸಮಸ್ಯೆ ಇಲ್ಲ. ಚಿಹ್ನೆಯನ್ನೇ ನಿಷೇಧಿಸೋದು ಸೋಮಾರಿ ದಾರಿ. ಸ್ವರದ ಮೇಲಿನ ಫಾಡಾ ಗುರುತಿಗಾಗಿ ಇಲ್ಲಿನವರು ಹೋರಾಡಿದರು. ಐರಿಷ್ ಹೆಸರನ್ನು ಸರಿಯಾಗಿ ಬಳಸೋ ಹೊಣೆ ಸರ್ಕಾರಿ ಸಂಸ್ಥೆಗಳದ್ದು ಅನ್ನೋದು 2021ರ ಅಧಿಕೃತ ಭಾಷೆಗಳ ತಿದ್ದುಪಡಿ ಕಾಯ್ದೆಯಲ್ಲಿ ಸೇರಿತು. ಕನ್ನಡಿಗರಾದ ನಮಗೆ ಇದು ಅರ್ಥವಾಗಲೇಬೇಕು. 'ಕನ್ನಡ' ಅನ್ನೋ ಮೂರಕ್ಷರ ಯುಟಿಎಫ್-8ರಲ್ಲಿ 15 ಬೈಟು. ಬೈಟು ಎಣಿಸೋ ಪ್ರೋಗ್ರಾಮು ಹತ್ತಕ್ಕೆ ಕತ್ತರಿಸಿದರೆ ನಮ್ಮ ಅಕ್ಷರ ನಡುವೆಯೇ ತುಂಡಾಗುತ್ತೆ.

ಸೆಷನ್ ಬೇಗ ಮುಗಿಯೋದು ಭದ್ರತೆಗಾಗಿ ಅಂತ ಕೆಲವರು ವಾದಿಸ್ತಾರೆ. ವಾದದಲ್ಲಿ ಹುರುಳಿದೆ. ಲೈಬ್ರರಿ ಕಂಪ್ಯೂಟರಿನಲ್ಲಿ ತುಂಬಿ ಲಾಗ್‌ಔಟ್ ಮಾಡದೆ ಎದ್ದು ಹೋಗೋರು ಇದ್ದೇ ಇರ್ತಾರೆ. 2018ರಿಂದ ಜಾರಿಯಲ್ಲಿರೋ ಜಿಡಿಪಿಆರ್ ಕೂಡ ಮಾಹಿತಿಯನ್ನು ಬೇಕಾದಷ್ಟೇ ಕೇಳಿ, ಬೇಕಾದಷ್ಟೇ ದಿನ ಇಟ್ಕೊಳ್ಳಿ ಅನ್ನುತ್ತೆ. ಆದರೆ ಲಾಗಿನ್ ಮುಗಿಸೋದು ಬೇರೆ, ಬರೆದಿದ್ದನ್ನು ಅಳಿಸೋದು ಬೇರೆ. ಪ್ರತಿ ಪುಟವನ್ನೂ ಸರ್ವರ್‌ನಲ್ಲಿ ಪರೀಕ್ಷಿಸಿ ಡೇಟಾಬೇಸಿನಲ್ಲಿ ಕರಡಾಗಿ ಇಡಬಹುದು. ಮತ್ತೆ ಬಂದವರಿಂದ ಪಾಸ್‌ವರ್ಡ್ ಕೇಳಿ, ಬಿಟ್ಟ ಕಡೆಯಿಂದ ಶುರು ಮಾಡಿಸಬಹುದು. ಕರಡು ಎಷ್ಟು ದಿನ ಇರುತ್ತೆ ಅಂತ ಮೊದಲೇ ಹೇಳಿ, ಆ ದಿನ ಮುಗಿದ ಮೇಲೆ ಅಳಿಸಬಹುದು. ಭದ್ರತೆಯೂ ಉಳಿಯುತ್ತೆ, ಜನರ ಶ್ರಮವೂ ಉಳಿಯುತ್ತೆ.

ಇದೆಲ್ಲ ಕಷ್ಟದ ವಿದ್ಯೆ ಏನಲ್ಲ. ಮುಂದಿನ ಪ್ರಾಜೆಕ್ಟ್ ಒಪ್ಪಿಸೋ ಮೊದಲು ನಾವು ನಾವೇ ನಾಲ್ಕು ಪರೀಕ್ಷೆ ಮಾಡೋಣ. ಮೂರನೇ ಪುಟದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಮುಂದೆ ಒತ್ತೋಣ. 'ಬ್ಯಾಕ್' ಒತ್ತಿ ವಾಪಸ್ ಬರೋಣ. ಹತ್ತು ಎಂಬಿ ಫೋಟೊ ಹಾಕೋಣ. ಸರ್‌ನೇಮ್ ಇಲ್ಲದ ನಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲೇ ತುಂಬೋಣ. ಇಷ್ಟರಲ್ಲೂ ಫಾರ್ಮು ಗಟ್ಟಿಯಾಗಿ ನಿಂತರೆ, ಮುಂದಿನ ಸೆಪ್ಟೆಂಬರಿನಲ್ಲಿ ಡಬ್ಲಿನ್ನಿಗೋ ಕಾರ್ಕ್‌ಗೋ ಬರೋ ಹುಡುಗ ಹುಡುಗಿಯರಿಗೆ ಒಂದು ರಾತ್ರಿಯ ನಿದ್ದೆಯಾದರೂ ಉಳಿಯುತ್ತೆ.