ಸಾವಿಗೆ ಸಬೂಬು ಕೇಳಿದವರು ಯಾರು?

ಐವತ್ತು ವರ್ಷ ದಿನವೂ ಮನೆಗೆ ಬರುತ್ತಿದ್ದ ಒಂದು ಚಿತ್ರಸರಣಿ ಮುಗಿದಾಗ ಓದುಗರು ಕಣ್ಣೊರೆಸಿಕೊಳ್ಳುವುದು ಸಹಜ. ಆದರೆ ಅಮೆರಿಕದ ‘ಫಂಕಿ ವಿಂಕರ್‌ಬೀನ್’ 2022ರ ಡಿಸೆಂಬರ್ 31ರಂದು ಕೊನೆಗೊಂಡಾಗ ಅದರ ಹಳೆಯ ಓದುಗರಲ್ಲಿ ಅನೇಕರು ಸಿಟ್ಟಾದರು, ಇನ್ನು ಕೆಲವರು ಗೇಲಿ ಮಾಡಿದರು. ಕೊನೆಯ ವಾರಗಳಲ್ಲಿ ಕಥೆಯೊಳಗೆ ನುಸುಳಿದ ಕಾಲಯಾನವೇ ಇದಕ್ಕೆ ಕಾರಣ. ಪತ್ರಿಕೆಯ ಮೂಲೆಯ ನಾಲ್ಕು ಚೌಕಗಳಿಗಾಗಿ ಇಷ್ಟು ಕೋಪವೇ ಎಂದು ಮೊದಲು ನನಗೂ ಅನ್ನಿಸಿತ್ತು. ಈಗ ಆ ಕೋಪದ ಪರವಾಗಿ ಒಂದೆರಡು ಮಾತು ಹೇಳಬೇಕೆನಿಸುತ್ತದೆ.

ಓಹಿಯೊ ರಾಜ್ಯದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಟಾಮ್ ಬ್ಯಾಟಿಕ್ ಈ ಸರಣಿಯನ್ನು ಆರಂಭಿಸಿದ್ದು 1972ರ ಮಾರ್ಚ್ 27ರಂದು. ವೆಸ್ಟ್‌ವ್ಯೂ ಎಂಬ ಕಲ್ಪಿತ ಊರಿನ ಪ್ರೌಢಶಾಲೆ, ಅಲ್ಲಿನ ತರಲೆ ಹುಡುಗರು, ಪೇಚಿಗೆ ಸಿಲುಕುವ ಶಿಕ್ಷಕರು ಅದರ ವಸ್ತು. ಇಪ್ಪತ್ತು ವರ್ಷ ಅಲ್ಲಿ ಯಾರಿಗೂ ವಯಸ್ಸಾಗಲಿಲ್ಲ. 1992ರಲ್ಲಿ ಬ್ಯಾಟಿಕ್ ಅವರು ಕಾಲವನ್ನು ನಾಲ್ಕು ವರ್ಷ ಮುಂದಕ್ಕೆ ತಳ್ಳಿದರು, ಹುಡುಗರು ದೊಡ್ಡವರಾದರು. ಲೆಸ್ ಮೂರ್ ಎಂಬ ಪಾತ್ರದ ಹೆಂಡತಿ ಲೀಸಾಗೆ 1999ರಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು. 2003ರಲ್ಲಿ ಚಿತ್ರಕಾರರೇ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ತುತ್ತಾಗಿ ಚೇತರಿಸಿಕೊಂಡರು. ಲೀಸಾಳ ರೋಗ ಮರುಕಳಿಸಿತು. ಚಿಕಿತ್ಸೆ ಇನ್ನು ಸಾಕು ಎಂದು ತಾನೇ ನಿರ್ಧರಿಸಿದ ಆಕೆ 2007ರ ಅಕ್ಟೋಬರ್‌ನಲ್ಲಿ ತೀರಿಕೊಂಡಳು. ನಗಿಸಬೇಕಾದ ಪುಟದಲ್ಲಿ ಇದೆಂಥ ಸಾವು ಎಂದು ಆಕ್ಷೇಪಿಸಿದವರಿದ್ದರು. ಆದರೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಆ ಕಥಾನಕಕ್ಕೆ ಸ್ಥಾನ ದೊರೆಯಿತು.

ಲೀಸಾ ಸತ್ತೊಡನೆ ಕಥೆ ಇನ್ನೂ ಹತ್ತು ವರ್ಷ ಮುಂದಕ್ಕೆ ಹಾರಿತು. ಗೊಣಗಾಟದ ನಡುವೆಯೂ ಸರಣಿ ಮತ್ತೆ ಹದಿನೈದು ವರ್ಷ ಬಾಳಿತು. ಅಂದರೆ ಕಾಲದ ಜಿಗಿತವನ್ನು ಒಪ್ಪಲಾರದಷ್ಟು ಓದುಗ ಬಿಗುಮಾನಿಯಲ್ಲ. ‘ಗ್ಯಾಸೊಲೀನ್ ಆ್ಯಲಿ’ ಸರಣಿಯಲ್ಲಿ 1921ರಲ್ಲಿ ಬಾಗಿಲ ಬಳಿ ಸಿಕ್ಕ ಹಸುಗೂಸು ಓದುಗರ ಜತೆಜತೆಗೇ ಬೆಳೆದು ಮುದುಕನಾಗಿದೆ. ‘ಆ್ಯಲಿ ಊಪ್’ ಸರಣಿಯ ಗುಹಾಮಾನವ 1939ರಲ್ಲೇ ಕಾಲಯಂತ್ರದ ಮೂಲಕ ಇಪ್ಪತ್ತನೆಯ ಶತಮಾನಕ್ಕೆ ಬಂದಿಳಿದ. ಓದುಗರು ಸಂತೋಷದಿಂದಲೇ ಅವನ ಹಿಂದೆ ಹೊರಟರು. ಹೀಗಿರುವಾಗ ಕಾಲಯಾನ ಅಸಂಭವ ಎಂಬುದು ತಕರಾರಿನ ಮೂಲವಾಗಿರಲಾರದು.

ಹಾಗಾದರೆ 2022ರಲ್ಲಿ ಆದದ್ದೇನು? ವೆಸ್ಟ್‌ವ್ಯೂ ಶಾಲೆಯಲ್ಲಿ ಕಸ ಗುಡಿಸುತ್ತಿದ್ದ ನೌಕರ ತಾನು ಭವಿಷ್ಯದಿಂದ ಬಂದ ಕಾಲದ ಕಾವಲುಗಾರ ಎಂದು ಬಾಯಿಬಿಟ್ಟ. ಲೀಸಾಳ ಮಗಳು ಸಮರ್ ಮುಂದೆ ಮನುಕುಲಕ್ಕೆ ಒಳಿತಾಗುವಂಥ ಪುಸ್ತಕವೊಂದನ್ನು ಬರೆಯಲಿದ್ದಾಳೆ. ಆ ಪುಸ್ತಕ ತಪ್ಪದೆ ಹುಟ್ಟುವಂತೆ ನೋಡಿಕೊಳ್ಳಲು ತಾನು ಊರಿನವರ ಮನಸ್ಸನ್ನು ಆಗಾಗ ಮೆಲ್ಲನೆ ತಿರುಗಿಸುತ್ತಿದ್ದೆ ಎಂದ. ಅಲ್ಲಿಯವರೆಗೆ ಜನರ ಬದುಕಾಗಿದ್ದುದು ಒಂದೇ ಏಟಿಗೆ ಯಾರದೋ ಯೋಜನೆಯಾಯಿತು.

ಸಾವಿನ ಮನೆಗೆ ಹೋದಾಗ ಕೆಲವರು ಸಮಾಧಾನ ಹೇಳುವ ಬಗೆಯನ್ನು ನೀವೂ ಕಂಡಿರಬಹುದು. ‘ಎಲ್ಲ ಒಳ್ಳೆಯದಕ್ಕೇ ಆಗಿದೆ, ಮುಂದೆ ನಿಮಗೇ ತಿಳಿಯುತ್ತದೆ’ ಎನ್ನುತ್ತಾರೆ. ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಆ ಕ್ಷಣ ಹೆಣದ ಪಕ್ಕ ಕುಳಿತವರ ಮುಖ ನೋಡಬೇಕು. ತಮ್ಮ ನಷ್ಟವನ್ನು ಯಾರೋ ಲೆಕ್ಕದ ಪುಸ್ತಕದಲ್ಲಿ ಬರೆದು ಲಾಭ ತೋರಿಸಿದಂತೆ ಅವರು ಕುಗ್ಗುತ್ತಾರೆ. ವೆಸ್ಟ್‌ವ್ಯೂ ಓದುಗರು ಅನುಭವಿಸಿದ್ದು ಇದನ್ನೇ ಎಂದು ನನ್ನ ಭಾವನೆ.

ನಮ್ಮ ಪುರಾಣಗಳಲ್ಲೂ ಪ್ರತಿ ದುಃಖದ ಹಿಂದೆ ಶಾಪವೋ ವರವೋ ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ, ನಿಜ. ಆದರೆ ಆ ಲೋಕದ ಕಟ್ಟಳೆ ಕೇಳುಗನಿಗೆ ಮೊದಲೇ ಗೊತ್ತು; ಕೊನೆಯ ದಿನ ಅದನ್ನು ಯಾರೂ ತಂದು ಅಂಟಿಸುವುದಿಲ್ಲ. ಅಷ್ಟಾದರೂ ಕುರುಕ್ಷೇತ್ರದ ಹೆಣಗಳ ನಡುವೆ ನಿಂತ ಗಾಂಧಾರಿ ‘ವಿಧಿಬರಹ’ ಎಂದು ತಲೆಬಾಗಲಿಲ್ಲ. ತಡೆಯಬಲ್ಲವನಾಗಿದ್ದೂ ಏಕೆ ತಡೆಯಲಿಲ್ಲ ಎಂದು ಕೃಷ್ಣನನ್ನೇ ಶಪಿಸಿದಳು. ಕೃಷ್ಣ ಆ ಶಾಪವನ್ನು ಸ್ವೀಕರಿಸಿದ. ಕಾಲದ ಕಾವಲುಗಾರ ಅಷ್ಟು ವರ್ಷ ಅದೇ ಊರಿನಲ್ಲಿದ್ದನೆಂದರೆ ಓದುಗರೂ ಕೇಳಬೇಕಾದ ಪ್ರಶ್ನೆ ಅದೇ ತಾನೇ? ಪುಸ್ತಕದ ದಾರಿ ಕಾಯಲು ಬಂದವನಿಗೆ ಲೀಸಾ ಕಾಣಲಿಲ್ಲವೇ?

ಐವತ್ತು ವರ್ಷ ಬರೆದ ಕಲಾವಿದರಿಗೆ ತಮ್ಮ ಕಥೆಯನ್ನು ತಮಗೆ ಬೇಕಾದಂತೆ ಮುಗಿಸುವ ಹಕ್ಕಿದೆ. ಅಷ್ಟೊಂದು ನೋವನ್ನು ಚಿತ್ರಿಸಿದವರು ಕೊನೆಗೆ ಭರವಸೆಯ ಮಾತು ಹೇಳಬಯಸಿದ್ದೂ ಅರ್ಥವಾಗುವಂಥದ್ದೇ. ಗೇಲಿ ಮಾಡಿದವರು ಕೆಲವೊಮ್ಮೆ ಮಿತಿ ಮೀರಿದರು. ಆದರೂ ಲೀಸಾಳ ಕಥೆಯ ಘನತೆ ಇದ್ದದ್ದು ಅದಕ್ಕೆ ಯಾವ ಸಮರ್ಥನೆಯೂ ಇರಲಿಲ್ಲ ಎಂಬುದರಲ್ಲಿ. ಅದು ನಮ್ಮ ನೆರೆಮನೆಯಲ್ಲಿ ಆಗುವಂತೆ ಸುಮ್ಮನೆ ಆಗಿಬಿಟ್ಟಿತ್ತು. ಓದುಗರು ಅದಕ್ಕೆ ಕಾರಣ ಕೇಳಿರಲಿಲ್ಲ. ಹದಿನೈದು ವರ್ಷ ಆ ನೋವನ್ನು ಹಾಗೆಯೇ ಹೊತ್ತಿದ್ದರು.

ಸಾವಿನ ಮನೆಗೆ ಹೋಗಿ, ಏನೂ ವಿವರಿಸದೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಎದ್ದು ಬರುವುದೂ ಒಂದು ವಿದ್ಯೆ. 2007ರಲ್ಲಿ ಬ್ಯಾಟಿಕ್ ಅವರಿಗೆ ಆ ವಿದ್ಯೆ ಒಲಿದಿತ್ತು.